ಅಂಗಡಿಗೆ ಕವರ್ ಮಾಡಿಸುವ ಮುಂಚೆ: ಕಾಗದ, ಅಳತೆ, ಪ್ರಿಂಟಿಂಗ್, ಯಾವುದು ಯಾರಿಗೆ?

ಗಣಪತಿ ಹಬ್ಬ ಮುಗಿಯಿತು ಅಂದರೆ ಹುಬ್ಬಳ್ಳಿಯ ಪ್ರೆಸ್‌ಗಳಲ್ಲಿ ಪಾಕೀಟಿನ, ಅಂದರೆ ಪತ್ರ ಹಾಕುವ ಕವರ್‌ನ, ಸೀಸನ್ ಜೋರಾಗುತ್ತದೆ. ಸಹಕಾರಿ ಸಂಘಗಳ ವಾರ್ಷಿಕ ಸಭೆಯ ನೋಟಿಸು ಆಗಲೇ ಮಷಿನ್ ಮೇಲಿರುತ್ತದೆ. ಅದರ ಬೆನ್ನಿಗೆ ದಸರಾ, ಆಮೇಲೆ ದೀಪಾವಳಿಯ ಲಕ್ಷ್ಮೀ ಪೂಜೆಯ ಆಮಂತ್ರಣ. ಬಂದವರೆಲ್ಲ ಕೇಳುವುದು ಒಂದೇ: ಚಂದ ಇರಬೇಕು, ಕಡಿಮೆಗೆ ಆಗಬೇಕು, ಬೇಗ ಬೇಕು. ಮೂರೂ ಒಟ್ಟಿಗೆ ಸಿಗೋದಿಲ್ಲ. ಯಾವುದನ್ನು ಬಿಡಬಹುದು ಅಂತ ಮನೆಯಲ್ಲೇ ಕೂತು ಯೋಚಿಸಿ ಹೋದರೆ ಪ್ರೆಸ್ಸಿನವರಿಗೂ ಸುಲಭ, ನಿಮ್ಮ ಜೇಬಿಗೂ ಹಗುರ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬಣ್ಣಕ್ಕೆ ಸುರಿಯುವ ದುಡ್ಡನ್ನು ಕಾಗದಕ್ಕೆ ಹಾಕಿ. ಬಣ್ಣಬಣ್ಣದ ಫೋಟೋ ನೋಡಲಿಕ್ಕೆ ಎಲ್ಲರ ಮೊಬೈಲ್‌ನಲ್ಲೂ ಬೇಕಾದಷ್ಟಿದೆ. ಬೆಳಗಾದರೆ ವಾಟ್ಸಾಪ್ ತುಂಬ ಅದೇ. ಕವರ್‌ಗೆ ಇರುವ ಒಂದೇ ಹೆಚ್ಚುಗಾರಿಕೆ ಅಂದರೆ ಅದು ಕೈಗೆ ಸಿಗುತ್ತದೆ. ಓದುವುದಕ್ಕಿಂತ ಮುಂಚೆ ಬೆರಳಿಗೆ ತಾಗುತ್ತದೆ. ತೆಳ್ಳಗಿನ ಕಾಗದದ ಮೇಲೆ ನಾಲ್ಕು ಬಣ್ಣ ಹೊಡೆಸಿದ ಕವರ್‌ಗಿಂತ, ಒಳ್ಳೆ ಗಟ್ಟಿ ಕಾಗದದ ಮೇಲೆ ಒಂದೇ ಬಣ್ಣದ ಕವರ್ ಯಾವತ್ತೂ ಗೆಲ್ಲುತ್ತದೆ. ಇದಕ್ಕೆ ಒಪ್ಪದವರು ಇದ್ದಾರೆ. ಮಲ್ಟಿಕಲರ್ ಇಲ್ಲದಿದ್ದರೆ ಕೆಲಸ ಕೊಟ್ಟ ಹಾಗೆ ಅನ್ನಿಸೋದೇ ಇಲ್ಲ ಅನ್ನುವವರೇ ಜಾಸ್ತಿ. ಇರಲಿ, ಒಂದೊಂದಾಗಿ ನೋಡೋಣ.

ಅಂಚೆಗೋ, ಕೈಗೋ?

ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ಕವರ್ ಅಂಚೆಯಲ್ಲಿ ಹೋಗುವುದಾದರೆ ತೂಕ ನೋಡಬೇಕು, ಅಂಚೆಚೀಟಿಗೆ ಜಾಗ ಬಿಡಬೇಕು, ವಿಳಾಸ ಸ್ಪಷ್ಟ ಕಾಣಬೇಕು. ಹುಡುಗರ ಕೈಯಲ್ಲಿ ಅಂಗಡಿ ಅಂಗಡಿಗೆ ಹಂಚಿಸುವುದಾದರೆ ಈ ಯಾವ ಕಟ್ಟೂ ಇಲ್ಲ.

ತೂಕದ ಲೆಕ್ಕ ಸರಳ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ. 80 ಜಿಎಸ್‌ಎಂನ ಒಂದು ಎ4 ಹಾಳೆ ಹೆಚ್ಚುಕಡಿಮೆ 5 ಗ್ರಾಂ. 100 ಜಿಎಸ್‌ಎಂ ಕಾಗದದ ಮಾಮೂಲಿ 9×4 ಇಂಚಿನ ಕವರ್ ಸುಮಾರು 6 ಗ್ರಾಂ. ಒಳಗೆ ಎರಡು ಹಾಳೆ ಇಟ್ಟರೆ 16 ಗ್ರಾಂ. ಮೂರನೇ ಹಾಳೆ ಇಟ್ಟಿರೋ, 20 ಗ್ರಾಂ ದಾಟಿತು. ಸಾದಾ ಪತ್ರಕ್ಕೆ 5 ರೂಪಾಯಿಯ ಚೀಟಿ ಮೊದಲ 20 ಗ್ರಾಂಗೆ ಮಾತ್ರ. ಅಂದರೆ ಆ ಒಂದು ಹಾಳೆಗೆ ಅಂಚೆ ಖರ್ಚು ಡಬಲ್. ಎ4 ಹಾಳೆಯನ್ನು ಮಡಚದೆ ಕಳಿಸಬೇಕು ಅಂತ 10×12 ಇಂಚಿನ ದೊಡ್ಡ ಕ್ರಾಫ್ಟ್ (ಕಂದು ಕಾಗದದ) ಕವರ್ ಮಾಡಿಸಿದರೆ, 120 ಜಿಎಸ್‌ಎಂ ಕಾಗದದಲ್ಲಿ ಖಾಲಿ ಕವರ್ ಒಂದೇ 20 ಗ್ರಾಂ ಮೇಲಾಗುತ್ತದೆ. ಸಾವಿರಾರು ಮಂದಿಗೆ ಕಳಿಸುವ ಸಂಸ್ಥೆಗೆ ಇದು ಸಣ್ಣ ಮಾತಲ್ಲ.

ರಿಜಿಸ್ಟರ್ಡ್ ಪೋಸ್ಟ್ 2025ರ ಸೆಪ್ಟೆಂಬರ್ 1ರಿಂದ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ. ಸ್ಪೀಡ್ ಪೋಸ್ಟ್‌ನಲ್ಲಿ ಮೊದಲ ಹಂತವೇ 50 ಗ್ರಾಂವರೆಗೆ. ಹಾಗಾಗಿ ಅಲ್ಲಿ ದಪ್ಪ ಕಾಗದದ ಚಿಂತೆ ಬೇಡ. ಆದರೆ ಬಾರ್‌ಕೋಡ್ ಸ್ಟಿಕ್ಕರ್ ಅಂಟಿಸಲಿಕ್ಕೆ ಮುಂಭಾಗದಲ್ಲಿ ಜಾಗ ಬೇಕು. ಅದನ್ನು ಮರೆತು ಮುಖದ ತುಂಬ ಡಿಸೈನ್ ಮಾಡಿಸಿದರೆ ಕೌಂಟರ್‌ನವರು ನಿಮ್ಮ ಲೋಗೋ ಮೇಲೆಯೇ ಸ್ಟಿಕ್ಕರ್ ಬಡಿಯುತ್ತಾರೆ. ಅವರದೇನೂ ತಪ್ಪಿಲ್ಲ.

ಒಂದು ಬಡಾವಣೆಯ ಮನೆಮನೆಗೆ ಜಾಹೀರಾತು ಹಂಚಿಸುವುದಷ್ಟೇ ಇದ್ದರೆ ಕವರ್ ಬೇಡವೇ ಬೇಡ. ಹೆಸರು, ವಿಳಾಸ ಬರೆಯದ ಕರಪತ್ರಗಳನ್ನು ಮನೆಗಳಿಗೆ ಮುಟ್ಟಿಸಲಿಕ್ಕೆ ಅಂಚೆ ಇಲಾಖೆಯ ಡೈರೆಕ್ಟ್ ಪೋಸ್ಟ್ ಎನ್ನುವ ಸೇವೆ ಇದೆ. ಕವರ್ ಇರುವುದು ಹೆಸರು ಗೊತ್ತಿರುವವರಿಗೆ.

ಅಳತೆ

ಇಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳುವಂಥದ್ದು ಇಲ್ಲ. ಎ4 ಹಾಳೆಯನ್ನು ಮೂರು ಮಡಿಕೆ ಮಾಡಿದರೆ 210×99 ಮಿಲಿಮೀಟರ್ ಆಗುತ್ತದೆ. 9×4 ಇಂಚಿನ ಕವರ್‌ನ ಎತ್ತರ 102 ಮಿಲಿಮೀಟರ್. ಉಳಿಯುವುದು ಬರೀ 3 ಮಿಲಿಮೀಟರ್. ಒಂದು ಹಾಳೆಗೆ ಓಕೆ. ಜೊತೆಗೆ ಬ್ರೋಷರ್ ತುರುಕಿದರೆ ಅಂಚು ಹರಿಯುತ್ತದೆ. 9.5×4.25 ಇಂಚಿನದು ಆರಾಮ. 10×4.5 ಇನ್ನೂ ಆರಾಮ, ಕೈಯಲ್ಲಿ ಹಿಡಿದರೆ ಸ್ವಲ್ಪ ತೂಕವಾಗಿ, ಗೌರವವಾಗಿ ಕಾಣುತ್ತದೆ. ಆಮಂತ್ರಣ ಪತ್ರಿಕೆಯಾದರೆ ಮೊದಲು ಕಾರ್ಡಿನ ಅಳತೆ ಗೊತ್ತು ಮಾಡಿಕೊಂಡು ಆಮೇಲೆ ಕವರ್ ಅಳತೆಗೆ ಬನ್ನಿ. ಕವರ್ ಮೊದಲು ಮಾಡಿಸಿ ಕಾರ್ಡ್ ಕತ್ತರಿಸುತ್ತಾ ಕೂರುವವರು ಇದ್ದಾರೆ.

ಚೌಕ ಕವರ್ ನೋಡಲಿಕ್ಕೆ ಬೇರೆ ಥರ ಇರುತ್ತದೆ, ಕಣ್ಣಿಗೆ ಬೀಳುತ್ತದೆ. ಆದರೆ ರೆಡಿಮೇಡ್ ಸಿಗುವುದು ಕಡಿಮೆ, ಹಾಳೆ ಜಾಸ್ತಿ ದಂಡವಾಗುತ್ತದೆ. ಮದುವೆ, ಗೃಹಪ್ರವೇಶ, ಶೋರೂಮ್ ಉದ್ಘಾಟನೆಗೆ ಸರಿ. ವರ್ಷಪೂರ್ತಿ ಬಿಲ್ ಹಾಕಿ ಕಳಿಸಲಿಕ್ಕೆ ಬೇಡ.

ಕಾಗದ: ಇಲ್ಲಿ ಜಿಪುಣತನ ಬೇಡ

ಪ್ರೆಸ್ಸಿನಲ್ಲಿ ಏನೂ ಹೇಳದೆ ಆರ್ಡರ್ ಕೊಟ್ಟರೆ ಸಿಗುವುದು ಮ್ಯಾಪ್‌ಲಿಥೋ, 80 ಅಥವಾ 90 ಜಿಎಸ್‌ಎಂ. ಬಿಳಿ, ನಯವಾದ, ಸಾದಾ ಕಾಗದ. ನಮ್ಮ ಪಕ್ಕದ ದಾಂಡೇಲಿಯಲ್ಲೇ 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಇದೆ, ಬರೆಯುವ ಮತ್ತು ಮುದ್ರಣದ ಕಾಗದಕ್ಕೆ ಈ ಭಾಗದಲ್ಲಿ ಯಾವತ್ತೂ ಬರ ಬಂದಿಲ್ಲ. 80 ಜಿಎಸ್‌ಎಂ ಕವರ್‌ನ ತೊಂದರೆ ಒಂದೇ: ಬಿಸಿಲಿಗೆ ಹಿಡಿದರೆ ಒಳಗಿನ ಅಕ್ಷರ ಕಾಣುತ್ತದೆ. ಚೆಕ್, ಕೊಟೇಶನ್, ಬಾಕಿಯ ಪಟ್ಟಿ ಕಳಿಸುವವರು 100ಕ್ಕಿಂತ ಕೆಳಗೆ ಇಳಿಯಬಾರದು. ಇಲ್ಲವಾದರೆ ಕವರ್ ಒಳಮೈಗೆ ಬೂದು ಬಣ್ಣದ ಪ್ಯಾಟರ್ನ್ ಹೊಡೆಸಬೇಕು. ಬ್ಯಾಂಕಿನ ಕವರ್ ಒಳಗೆ ನೋಡಿರುತ್ತೀರಿ, ಸಣ್ಣ ಸಣ್ಣ ಗೆರೆ ಗೆರೆ ಇರುತ್ತದೆ. ಅದು ಅಲಂಕಾರ ಅಲ್ಲ, ಒಳಗಿನದು ಕಾಣಬಾರದು ಅಂತ.

ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಬಾಂಡ್ ಪೇಪರ್. ಬೆರಳಲ್ಲಿ ಉಜ್ಜಿದರೆ ಸರಸರ ಅನ್ನುತ್ತದೆ. ವಕೀಲರು, ಆಡಿಟರು, ಡಾಕ್ಟರು ಇದನ್ನು ಕಣ್ಣು ಮುಚ್ಚಿ ತಗೊಳ್ಳಬಹುದು. ಒಂದೇ ಬಣ್ಣದಲ್ಲಿ ಹೆಸರು, ವಿಳಾಸ. ಮುಗೀತು.

ಗೆರೆ ಗೆರೆ ಇರುವ, ಬಟ್ಟೆಯ ನೇಯ್ಗೆಯ ಹಾಗೆ ಉಬ್ಬುತಗ್ಗು ಇರುವ ಟೆಕ್ಸ್ಚರ್ ಕಾಗದಗಳು ದುಬಾರಿ. ಆದರೆ ಜವಳಿ ಅಂಗಡಿ, ಬಂಗಾರದ ಅಂಗಡಿಯವರಿಗೆ ಆ ದುಡ್ಡು ವಸೂಲಾಗುತ್ತದೆ. ಒಂದೇ ಎಚ್ಚರಿಕೆ: ಇಂಥ ಕಾಗದದ ಮೇಲೆ ಸಣ್ಣ ಅಕ್ಷರ ಕೆಡುತ್ತದೆ. ಉಬ್ಬಿನ ಮೇಲೆ ಇಂಕ್ ಕೂರುತ್ತದೆ, ತಗ್ಗಿನಲ್ಲಿ ಕೂರುವುದಿಲ್ಲ.

ಆರ್ಟ್ ಪೇಪರ್, ಅಂದರೆ ಹೊಳೆಯುವ ಕಾಗದ, ಫೋಟೋಗೆ ಸೈ. ಕವರ್‌ಗೆ ನನಗೆ ಹಿಡಿಸುವುದಿಲ್ಲ. ಮೇಲೆ ಬಾಲ್‌ಪೆನ್ನಿನಲ್ಲಿ ಬರೆದರೆ ಜಾರುತ್ತದೆ, ಇಂಕ್ ಪೆನ್ನಿನಲ್ಲಿ ಬರೆದರೆ ಹರಡುತ್ತದೆ, ಮಡಿಕೆಯಲ್ಲಿ ಬಿರಿಯುತ್ತದೆ.

ಇನ್ನು ಕ್ರಾಫ್ಟ್. ಕಂದು ಕಾಗದ. ಇದರ ಕಥೆ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಕಂದು ಕವರ್ ಅಂದರೆ ಕೋರ್ಟು, ಕಚೇರಿ, ತೆರಿಗೆ. ಪೋಸ್ಟ್‌ಮನ್ ಕೈಯಲ್ಲಿ ಸಾದಾ ಕಂದು ಕವರ್ ಕಂಡರೆ ಮನೆಯ ಹಿರಿಯರಿಗೆ ಎದೆ ಧಸಕ್ ಅನ್ನುತ್ತದೆ. ಆದರೆ ಅದೇ ಕಾಗದದ ಮೇಲೆ ಬಿಳಿ ಇಂಕ್‌ನಲ್ಲಿ ಒಂದು ಸಣ್ಣ ಚಿತ್ರ, ನಾಲ್ಕು ಅಕ್ಷರ ಬಂದರೆ ಭಯ ಹೋಗಿ ಕುತೂಹಲ ಬರುತ್ತದೆ. ಸಾವಯವ ಬೇಳೆ, ಗಾಣದ ಎಣ್ಣೆ, ಖಾದಿ, ಮಸಾಲೆ ಪುಡಿ ಮಾರುವವರಿಗೆ ಕ್ರಾಫ್ಟ್‌ನಷ್ಟು ಒಪ್ಪುವ ಕಾಗದ ಇನ್ನೊಂದಿಲ್ಲ. ಗಟ್ಟಿಯೂ ಹೌದು, ಮ್ಯಾಪ್‌ಲಿಥೋ ಹಾಗೆ ಸುಲಭಕ್ಕೆ ಹರಿಯುವುದಿಲ್ಲ.

ತೊಡಕು ಇರುವುದು ಬಣ್ಣದಲ್ಲಿ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯನ್ನೇ ತಗೊಳ್ಳಿ. ಬ್ಯಾಡಗಿ ಮೆಣಸಿನಕಾಯಿಗೆ ಹೆಸರು ಬಂದದ್ದೇ ಬಣ್ಣದಿಂದ. ಖಾರ ಕಡಿಮೆ, ಕೆಂಪು ಜಾಸ್ತಿ, ಮೈಯೆಲ್ಲ ಸುಕ್ಕು. 2011ರಲ್ಲಿ ಭೌಗೋಳಿಕ ಗುರುತಿನ ಟ್ಯಾಗ್ ಕೂಡ ಸಿಕ್ಕಿದೆ. ಆ ಕೆಂಪನ್ನು ಕ್ರಾಫ್ಟ್ ಕವರ್ ಮೇಲೆ ತರಬೇಕು ಅಂತ ಆಫ್‌ಸೆಟ್‌ನಲ್ಲಿ (ಪ್ಲೇಟ್ ಮಾಡಿ ಮಷಿನ್‌ನಲ್ಲಿ ಹೊಡೆಯುವ ಪ್ರಿಂಟಿಂಗ್) ಹೊಡೆಸಿದರೆ ಇಟ್ಟಿಗೆ ಬಣ್ಣ ಬರುತ್ತದೆ. ಹಳೆ ಸ್ಟಾಕ್ ಮೆಣಸಿನಕಾಯಿ ಥರ. ಯಾಕೆ ಅಂದರೆ ಆಫ್‌ಸೆಟ್ ಇಂಕ್ ಪಾರದರ್ಶಕ, ಕೆಳಗಿನ ಕಂದು ಅದರೊಳಗಿಂದ ಇಣುಕುತ್ತದೆ. ಸ್ಕ್ರೀನ್ ಪ್ರಿಂಟಿಂಗ್, ಅಂದರೆ ಜಾಲರಿಯ ಮೇಲೆ ಇಂಕ್ ಎಳೆದು ಹೊಡೆಯುವುದು, ಅದರ ಇಂಕ್ ದಪ್ಪ, ಕಾಗದವನ್ನು ಮುಚ್ಚುತ್ತದೆ. ಇನ್ನೂ ಝಗಮಗ ಬೇಕಿದ್ದರೆ ಮೊದಲು ಬಿಳಿ ಒಂದು ಕೋಟ್, ಅದರ ಮೇಲೆ ಕೆಂಪು. ಎರಡು ಸಲ ಸ್ಕ್ರೀನ್ ಎಳೆಯಬೇಕು, ಖರ್ಚು ಸ್ವಲ್ಪ ಹೆಚ್ಚು, ಆದರೆ ಆಗ ಅದು ಬ್ಯಾಡಗಿ ಕೆಂಪು. ಭೌಗೋಳಿಕ ಗುರುತಿನ ಲೋಗೋ ಕವರ್ ಮೇಲೆ ಹಾಕುವ ಆಸೆ ಇದ್ದರೆ ಮೊದಲು ಅಧಿಕೃತ ಬಳಕೆದಾರ ಅಂತ ನೋಂದಣಿ ಮಾಡಿಸಿಕೊಳ್ಳಿ. ಸುಮ್ನೆ ಇಂಟರ್‌ನೆಟ್‌ನಿಂದ ಇಳಿಸಿ ಹಾಕುವ ಹಾಗಿಲ್ಲ.

ರೆಡಿಮೇಡ್ ಕವರ್ ಮೇಲೆ ಪ್ರಿಂಟೋ, ಹಾಳೆ ಪ್ರಿಂಟ್ ಮಾಡಿ ಕವರ್ರೋ?

ಇದನ್ನು ಗಿರಾಕಿಗಳು ಕೇಳುವುದೇ ಇಲ್ಲ, ಪ್ರೆಸ್ಸಿನವರು ತಾವಾಗಿ ಹೇಳುವುದೂ ಕಡಿಮೆ. ಆದರೆ ಡಿಸೈನ್ ಹೇಗಿರಬಹುದು ಅನ್ನೋದು ಇದರಿಂದಲೇ ಗೊತ್ತಾಗುವುದು.

ಕಟ್ಟಿನಲ್ಲಿ ಬರುವ ರೆಡಿಮೇಡ್ ಕವರ್ ತಗೊಂಡು ಅದರ ಮೇಲೆ ಹೊಡೆಸುವುದು ಅಗ್ಗ ಮತ್ತು ಬೇಗ. ಆದರೆ ಕವರ್ ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ. ಅಂಟು ಹಚ್ಚಿದ ಕಡೆ ಮೂರು ಪದರ, ಉಳಿದ ಕಡೆ ಎರಡು. ಅದರ ಮೇಲೆ ದೊಡ್ಡದಾಗಿ ಗಾಢ ಬಣ್ಣ ತುಂಬಿಸಿದರೆ ಅಂಟಿನ ಜಾಗದ ಗೆರೆ ಮುಖಕ್ಕೆ ಎದ್ದು ಕಾಣುತ್ತದೆ. ಅಂಚಿನವರೆಗೂ ಬಣ್ಣ ಹೋಗುವುದಿಲ್ಲ, ಸುತ್ತ ಬಿಳಿ ಅಂಚು ಬಿಡಲೇಬೇಕು. ಎಂಬಾಸ್ (ಅಕ್ಷರ ಉಬ್ಬಿಸುವುದು), ಫಾಯಿಲ್ (ಹೊಳೆಯುವ ತಗಡಿನ ಹಾಳೆ ಒತ್ತುವುದು) ಮಾಡಿಸಿದರೆ ಅಚ್ಚು ಹಿಂದಿನ ಪದರಕ್ಕೂ ಒತ್ತುತ್ತದೆ.

ದೊಡ್ಡ ಹಾಳೆಯಲ್ಲಿ ಮೊದಲು ಪ್ರಿಂಟ್ ಮಾಡಿ, ಆಮೇಲೆ ಡೈ ಪಂಚಿಂಗ್ (ಡೈ ಎನ್ನುವ ಅಚ್ಚಿನಿಂದ ಕವರ್ ಆಕಾರಕ್ಕೆ ಕತ್ತರಿಸುವುದು), ಪೇಸ್ಟಿಂಗ್ (ಮಡಚಿ ಅಂಟಿಸುವುದು) ಮಾಡಿದರೆ ಈ ಯಾವ ಕಷ್ಟವೂ ಇಲ್ಲ. ಅಂಚಿಂದ ಅಂಚಿಗೆ ಬಣ್ಣ, ಮುಚ್ಚಳದ ಒಳಮೈಯಲ್ಲಿ ಒಂದು ಸಾಲು, ಒಳಗೆಲ್ಲ ಪ್ಯಾಟರ್ನ್, ಏನು ಬೇಕಾದರೂ ಆಗುತ್ತದೆ. ದಿನ ಜಾಸ್ತಿ ಹಿಡಿಯುತ್ತದೆ, ಡೈ ಖರ್ಚು ಬೇರೆ. ಡೈ ಒಂದು ಸಲ ಮಾಡಿಸಿದರೆ ಇಟ್ಟುಕೊಂಡು ಮುಂದಿನ ವರ್ಷವೂ ಬಳಸಬಹುದು. ಮಾಡಿಸುವಾಗಲೇ "ಡೈ ನಮ್ಮದು" ಅಂತ ಬಿಲ್‌ನಲ್ಲಿ ಬರೆಸಿಕೊಂಡರೆ ಒಳ್ಳೆಯದು.

ಸಾವಿರದ ಒಳಗೆ ಇದ್ದರೆ ರೆಡಿಮೇಡ್. ಹಲವು ಸಾವಿರ ಇದ್ದು, ಹಬ್ಬದ ವಿಶೇಷ ಕವರ್ ಆದರೆ ಹಾಳೆ ಪ್ರಿಂಟಿಂಗ್. ರೆಡಿಮೇಡ್ ತಗೊಂಡು ಅದರ ಮೇಲೆ ಹಾಳೆ ಪ್ರಿಂಟಿಂಗ್‌ನ ಡಿಸೈನ್ ಕೂರಿಸುವ ಹಟ ಬೇಡ. ಅಲ್ಲೇ ಕೆಡುವುದು.

ಮುಚ್ಚಳದ ಅಂಟಿನ ಬಗ್ಗೆ ಒಂದು ಮಾತು. ನೀರು ಹಚ್ಚಿ ಅಂಟಿಸುವ ಹಳೆ ಗೋಂದಿನ ಕವರ್ ಅಗ್ಗ. ಆದರೆ ಮಳೆಗಾಲದಲ್ಲಿ, ಅದರಲ್ಲೂ ಧಾರವಾಡದ ಜಿಟಿಜಿಟಿ ಮಳೆಯಲ್ಲಿ, ಕಟ್ಟು ಬಿಚ್ಚುವ ಮುಂಚೆಯೇ ತಾನಾಗಿ ಅಂಟಿಕೊಂಡು ಕೂತಿರುತ್ತದೆ. ಜೂನ್‌ನಲ್ಲಿ ತಂದು ದೀಪಾವಳಿಗೆ ಬಳಸುವ ಯೋಚನೆ ಇದ್ದರೆ ಪಟ್ಟಿ ಕಿತ್ತು ಅಂಟಿಸುವ ಬಗೆಯದನ್ನೇ ತಗೊಳ್ಳಿ. ಗದಗದ ಒಣ ಹವೆಯಲ್ಲಿ ಈ ತೊಂದರೆ ಅಷ್ಟಿಲ್ಲ.

ಸ್ಕ್ರೀನ್, ಆಫ್‌ಸೆಟ್, ಡಿಜಿಟಲ್

ಆಫ್‌ಸೆಟ್‌ನಲ್ಲಿ ಮೊದಲ ಕವರ್ ಹೊರಬರುವ ಮುಂಚೆಯೇ ಖರ್ಚು ಆಗಿರುತ್ತದೆ. ಪ್ರತಿ ಬಣ್ಣಕ್ಕೂ ಒಂದು ಪ್ಲೇಟ್, ಮಷಿನ್ ಸೆಟ್ಟಿಂಗ್, ಹಾಳಾಗುವ ಹಾಳೆ. ಅಷ್ಟಾದ ಮೇಲೆ ಸಾವಿರವಾದರೂ ಒಂದೇ, ಐದು ಸಾವಿರವಾದರೂ ಕಾಗದದ ದುಡ್ಡಷ್ಟೇ ಏರುವುದು. ಅದಕ್ಕೇ ಇನ್ನೂರು ಕವರ್ ಆಫ್‌ಸೆಟ್‌ನಲ್ಲಿ ಕೇಳಿದರೆ ಪ್ರೆಸ್ಸಿನವರು ಮುಖ ಸಿಂಡರಿಸುತ್ತಾರೆ. ವರ್ಷಕ್ಕೆ ಸಾಕಾಗುವಷ್ಟು ಒಂದೇ ಸಲ ಮಾಡಿಸುವವರಿಗೆ ಇದೇ ಸರಿ. ಒಂದೇ ಬಣ್ಣದ ಕೆಲಸಕ್ಕೆ ಮಿನಿ ಆಫ್‌ಸೆಟ್ ಇದ್ದರೆ ಇನ್ನೂ ಸಸ್ತಾ.

ಡಿಜಿಟಲ್‌ನಲ್ಲಿ ಪ್ಲೇಟ್ ಇಲ್ಲ. ಐವತ್ತು ಬೇಕಾದರೂ ಮಾಡಿಕೊಡುತ್ತಾರೆ. ಪ್ರತಿ ಕವರ್ ಮೇಲೂ ಬೇರೆ ಬೇರೆ ಹೆಸರು ಹಾಕಬಹುದು, ಅದು ಇದರ ದೊಡ್ಡ ಗುಣ. ಆದರೆ ಅದರ ಟೋನರ್, ಅಂದರೆ ಪುಡಿ ಇಂಕ್, ಬಿಸಿಯಲ್ಲಿ ಕರಗಿ ಕಾಗದಕ್ಕೆ ಅಂಟುವಂಥದ್ದು. ಆ ಬಿಸಿಗೆ ರೆಡಿಮೇಡ್ ಕವರ್‌ನ ಅಂಟು ಒಳಗೊಳಗೇ ಹಿಡಿದುಕೊಳ್ಳಬಹುದು. ಮಡಿಕೆ ಇರುವ ಕಡೆ ಗಾಢ ಬಣ್ಣ ಇದ್ದರೆ ಬಿರಿದು ಬಿಳಿ ಗೆರೆ ಕಾಣುತ್ತದೆ. ಟೆಕ್ಸ್ಚರ್ ಕಾಗದದ ಮೇಲೆ ಟೋನರ್ ಸರಿಯಾಗಿ ಕೂರುವುದಿಲ್ಲ.

ಸ್ಕ್ರೀನ್ ಪ್ರಿಂಟಿಂಗ್ ನನ್ನ ಮೆಚ್ಚಿನದು. ಕೈಕೆಲಸ, ನಿಧಾನ, ಒಂದು ಬಣ್ಣ ಒಣಗಿದ ಮೇಲೆ ಇನ್ನೊಂದು. ಆದರೆ ಇಂಕ್ ದಪ್ಪಗೆ ಕೂರುತ್ತದೆ, ಬೆರಳಿಗೆ ಉಬ್ಬು ಸಿಗುತ್ತದೆ. ಕಡುಬಣ್ಣದ ಕಾಗದದ ಮೇಲೆ ಬಿಳಿ, ಬಂಗಾರ, ಬೆಳ್ಳಿ ಬಣ್ಣ ಬೇಕಿದ್ದರೆ ಸಣ್ಣ ಆರ್ಡರ್‌ಗೆ ಇದಕ್ಕಿಂತ ಸೋವಿ ದಾರಿ ಇಲ್ಲ. ಲಗ್ನಪತ್ರಿಕೆ ಮಾಡುವವರ ಹತ್ತಿರ ಈ ಕೈಚಳಕ ಇನ್ನೂ ಉಳಿದಿದೆ. ಹಾಗಾಗಿ ಅಂಗಡಿ ಕವರ್ ಮಾಡಿಸಲಿಕ್ಕೂ ಲಗ್ನಪತ್ರಿಕೆಯವರ ಹತ್ತಿರವೇ ಹೋಗಿ ನೋಡಿ. ಫೋಟೋ ಮಾತ್ರ ಸ್ಕ್ರೀನ್‌ಗೆ ಕೊಡಬೇಡಿ, ಚುಕ್ಕೆ ಚುಕ್ಕೆಯಾಗಿ ಬರುತ್ತದೆ.

ಮುಖದ ಮೇಲೆ ಏನಿರಬೇಕು, ಏನು ಬೇಡ

ಹೆಚ್ಚಿನ ಕವರ್‌ಗಳು ಕೆಡುವುದು ಖಾಲಿ ಜಾಗ ಕಂಡರೆ ಸಹಿಸದೆ ಇರುವುದರಿಂದ. ಮೇಲೆ ದೇವರ ಚಿತ್ರ, ಎಡಕ್ಕೆ ಲೋಗೋ, ಕೆಳಗೆ ಐದು ಬ್ರಾಂಚಿನ ವಿಳಾಸ, ನಾಲ್ಕು ಫೋನ್ ನಂಬರು, ಮಾರುವ ಸಾಮಾನಿನ ಪಟ್ಟಿ. ವಿಳಾಸ ಬರೆಯಲಿಕ್ಕೆ ಎರಡು ಬೆರಳಷ್ಟು ಜಾಗ. ಕವರ್ ಅಂದರೆ ಕರಪತ್ರ ಅಲ್ಲ. ಬಲಮೂಲೆ ಚೀಟಿಗೆ ಬಿಡಿ, ಕೆಳಗಿನ ಬಲಭಾಗ ವಿಳಾಸಕ್ಕೆ ಬಿಡಿ. ಉಳಿದದ್ದು ನಿಮ್ಮದು. ಅದರಲ್ಲೂ ಅರ್ಧ ಖಾಲಿ ಇರಲಿ. ನಿಮ್ಮ ವಿಳಾಸ, ಪಿನ್‌ಕೋಡ್, ಕ್ಯೂಆರ್ ಕೋಡ್ ಎಲ್ಲ ಹಿಂದಿನ ಮುಚ್ಚಳದ ಮೇಲೆ ಹೋಗಲಿ. ಕ್ಯೂಆರ್ ಎರಡು ಸೆಂಟಿಮೀಟರ್‌ಗಿಂತ ಸಣ್ಣದು ಬೇಡ, ಮಡಿಕೆ ಮೇಲೆ ಬರಬಾರದು, ಕ್ರಾಫ್ಟ್ ಮೇಲಾದರೆ ಕಪ್ಪು ಇಂಕ್‌ನಲ್ಲೇ ಇರಲಿ.

ಕನ್ನಡವೋ ಇಂಗ್ಲಿಷೋ? ಹೆಸರು ಕನ್ನಡದಲ್ಲಿ ದೊಡ್ಡದಾಗಿ ಇರುವ ಕವರ್ ಇಲ್ಲಿ ಎದ್ದು ಕಾಣುತ್ತದೆ, ಯಾಕೆಂದರೆ ಕಟ್ಟಿನಲ್ಲಿ ಬರುವ ಉಳಿದ ಕವರ್‌ಗಳೆಲ್ಲ ಇಂಗ್ಲಿಷಿನವೇ. ಹೊರರಾಜ್ಯಕ್ಕೆ ಹೋಗುವುದಿದ್ದರೆ ಹಿಂದೆ ಇಂಗ್ಲಿಷ್ ವಿಳಾಸ ಹಾಕಿ. ಇಂಗ್ಲಿಷಿನಲ್ಲೂ ಊರಿನ ಹೆಸರು 2014ರ ನವೆಂಬರ್ 1ರಿಂದ ಹುಬ್ಬಳ್ಳಿ ಅಂತಲೇ ಆಗಿದೆ. ಹಳೆ ಫೈಲನ್ನೇ ಎಳೆದು ಹೊಡೆಸುವುದರಿಂದ ಕೆಲವರ ಕವರ್ ಮೇಲೆ ಇನ್ನೂ ಹಳೆ ಸ್ಪೆಲ್ಲಿಂಗೇ ಇದೆ. ಹೊಸ ಆರ್ಡರ್ ಕೊಡುವಾಗ ಒಂದು ಸಲ ನೋಡಿಕೊಳ್ಳಿ.

ಕನ್ನಡ ಅಕ್ಷರದಲ್ಲಿ ಇನ್ನೊಂದು ಅಪಾಯ ಇದೆ. ಡಿಸೈನ್ ಮಾಡುವ ಹಳೆ ಕೋರಲ್‌ಡ್ರಾ ಸಾಫ್ಟ್‌ವೇರ್‌ನಲ್ಲಿ ಯುನಿಕೋಡ್ ಕನ್ನಡ (ಮೊಬೈಲ್‌ನಲ್ಲಿ ಟೈಪ್ ಮಾಡುವಂಥದ್ದು) ಅಂಟಿಸಿದರೆ ಒತ್ತಕ್ಷರ ಒಡೆಯುತ್ತದೆ. ಹುಬ್ಬಳ್ಳಿ ಅನ್ನುವ ಹೆಸರಲ್ಲೇ ಎರಡು ಒತ್ತು, 'ಹುಬ್‌ಬಳ್‌ಳಿ' ಆಗಿ ಕೂರುತ್ತದೆ. ಗದಗಿನವರಿಗೆ ಆ ಚಿಂತೆ ಇಲ್ಲ, ಊರ ಹೆಸರಲ್ಲಿ ಒತ್ತೂ ಇಲ್ಲ, ಗುಣಿತವೂ ಇಲ್ಲ. ಹಳೆ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಎಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಎರಡಕ್ಕೂ ಔಷಧಿ ಒಂದೇ. ಡಿಟಿಪಿ ಮಾಡಿದ ಕಡೆಯೇ ಅಕ್ಷರಗಳನ್ನು ಕರ್ವ್ ಮಾಡಿಸಿ (ಅಂದರೆ ಫಾಂಟ್ ಬೇಡದ ಚಿತ್ರರೇಖೆಯಾಗಿಸಿ), ಪಿಡಿಎಫ್ ತಗೊಂಡು ಪ್ರೆಸ್ಸಿಗೆ ಕೊಡಿ. ಒತ್ತು ಕೆಳಗೆ ಇಳಿಯುವುದರಿಂದ ಸಾಲಿನ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬಿಡಬೇಕು. ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಸಣ್ಣ ಒತ್ತಿನ ಹೊಟ್ಟೆ ಇಂಕ್ ತುಂಬಿ ಮುಚ್ಚಿಹೋಗುತ್ತದೆ, ಅಕ್ಷರ ಸ್ವಲ್ಪ ದೊಡ್ಡದೇ ಇರಲಿ.

ಅಲಂಕಾರ ಬೇಕೇ ಬೇಕು ಅನ್ನುವವರಿಗೆ ನಮ್ಮ ಕಸೂತಿ ಇದೆ. ತೇರು, ಗೋಪುರ, ಆನೆ, ತುಳಸಿಕಟ್ಟೆ. ದಾರ ಎಣಿಸಿ ಹಾಕುವ ಕೆಲಸವಾದ್ದರಿಂದ ಎಲ್ಲ ನೇರ ಗೆರೆ, ಮೆಟ್ಟಿಲು ಮೆಟ್ಟಿಲು. ಒಂದೇ ಬಣ್ಣದಲ್ಲಿ ಚಂದ ಬರುತ್ತದೆ. ಕೆನೆಬಣ್ಣದ ಕಾಗದದ ಮೇಲೆ ಎಡ ಅಂಚಿಗೆ ಕುಂಕುಮ ಬಣ್ಣದ ಒಂದು ಪಟ್ಟಿ ಸಾಕು. ಗೆರೆ ತೀರಾ ಸಣ್ಣದಾದರೆ ಸ್ಕ್ರೀನ್‌ನಲ್ಲಿ ಕಡಿದುಹೋಗುತ್ತದೆ. ಜವಳಿ ಅಂಗಡಿಗೆ, ಖಾನಾವಳಿಗೆ, ಪೇಢಾ ಅಂಗಡಿಗೆ ಇದು ಒಪ್ಪುತ್ತದೆ. ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಗೆ ಯಾಕೆ ಬೇಕು ಹೇಳಿ?

ಕಪ್ಪು ಕವರ್ ಮೇಲೆ ಬಂಗಾರದ ಅಕ್ಷರ ಈಗಿನ ಫ್ಯಾಷನ್. ಹೊಸ ಕೆಫೆ, ಸಲೂನ್, ಇಂಟೀರಿಯರ್ ಡಿಸೈನರ್‌ಗೆ ಅಡ್ಡಿಯಿಲ್ಲ. ಲಕ್ಷ್ಮೀ ಪೂಜೆಗೆ ಕರೆಯಲಿಕ್ಕೆ ಕಪ್ಪು ಕವರ್ ಕಳಿಸಿದರೆ ಹಿರಿಯ ವ್ಯಾಪಾರಸ್ಥರು ಬಾಯಿ ಬಿಟ್ಟು ಏನೂ ಅನ್ನಲಿಕ್ಕಿಲ್ಲ, ಆದರೆ ಮನಸ್ಸಿಗೆ ಹಿಡಿಸುವುದಿಲ್ಲ. ನಮ್ಮಲ್ಲಿ ಶುಭಕಾರ್ಯದ ಪತ್ರಿಕೆಯ ಮೂಲೆಗೆ ಅರಿಷಿಣ ಹಚ್ಚುವ ಪದ್ಧತಿ. ಕಪ್ಪು ಅಂಚಿನ ಕಾಗದ ಬರುವುದು ಬೇರೆ ಸುದ್ದಿಗೆ.

ಸರ್ಕಾರಿ ನೋಟಿಸಿನ ಹಾಗೆ ಕಾಣುವ ಕವರ್ ಮಾಡಿ, ಮೇಲೆ 'ತುರ್ತು' ಅಂತ ಕೆಂಪು ಅಕ್ಷರದಲ್ಲಿ ಹಾಕುವ ಉಪಾಯ ಕೆಲವರು ಹೇಳಿಕೊಡುತ್ತಾರೆ. ಜನ ಒಡೆದು ನೋಡುತ್ತಾರೆ, ನಿಜ. ಒಳಗೆ ಸೈಟಿನ ಜಾಹೀರಾತು ಕಂಡ ಮೇಲೆ ನಿಮ್ಮ ಹೆಸರು ಎತ್ತಿದರೆ ಬೈಯುತ್ತಾರೆ. ಇನ್ನು ಸಿಂಹಲಾಂಛನ, ಗಂಡಭೇರುಂಡ ಲಾಂಛನವನ್ನು ವ್ಯಾಪಾರಕ್ಕೆ ಬಳಸುವುದು ಕಾನೂನಿಗೇ ವಿರುದ್ಧ. 1950ರ ಕಾಯ್ದೆ ಇದೆ, ಸಿಂಹಲಾಂಛನಕ್ಕೆ ಅಂತಲೇ 2005ರ ಇನ್ನೊಂದು ಕಾಯ್ದೆ ಇದೆ.

ವಿಳಾಸವನ್ನು ಪ್ರಿಂಟೆಡ್ ಸ್ಟಿಕ್ಕರ್ ಅಂಟಿಸುವುದೋ, ಕೈಯಲ್ಲಿ ಬರೆಯುವುದೋ? ಸಾವಿರಾರು ಇದ್ದರೆ ಸ್ಟಿಕ್ಕರ್, ಇಲ್ಲವಾದರೆ ಕಿಟಕಿ ಕವರ್, ಅಂದರೆ ಒಳಗಿನ ಹಾಳೆಯ ವಿಳಾಸ ಕಾಣಲಿಕ್ಕೆ ಮುಂದೆ ಕಿಂಡಿ ಇರುವುದು. ನೂರಿನ್ನೂರು ಇದ್ದರೆ ದಯವಿಟ್ಟು ಕೈಯಲ್ಲಿ ಬರೆಸಿ. ಅಕ್ಷರ ಚಂದ ಇರುವ ಹುಡುಗಿಯೋ ಹುಡುಗನೋ ಪ್ರತಿ ಅಂಗಡಿಯಲ್ಲೂ ಒಬ್ಬರು ಇರುತ್ತಾರೆ. ನೀಲಿ ಇಂಕ್‌ನಲ್ಲಿ ತನ್ನ ಹೆಸರು ಬರೆದ ಕವರನ್ನು ಒಡೆಯದೆ ಬಿಸಾಡುವವರು ಕಡಿಮೆ. ಇದಕ್ಕೆ ಖರ್ಚೂ ಇಲ್ಲ.

ಚೀಟಿಯಲ್ಲೂ ಒಂದು ಆಟ ಇದೆ. ಅಂಚೆ ಇಲಾಖೆಯ ಮೈ ಸ್ಟ್ಯಾಂಪ್ ಯೋಜನೆಯಲ್ಲಿ ನಿಮ್ಮ ಚಿತ್ರ ಅಥವಾ ಲೋಗೋ ಜೊತೆಗಿರುವ ಅಂಚೆಚೀಟಿ ಮಾಡಿಸಬಹುದು. 12 ಚೀಟಿಯ ಹಾಳೆಗೆ 300 ರೂಪಾಯಿ, ಒಂದೊಂದರ ಮುಖಬೆಲೆ 5 ರೂಪಾಯಿ. ಅಂದರೆ ಒಂದು ಚೀಟಿಗೆ 25 ರೂಪಾಯಿ ಬಿತ್ತು. ಎಲ್ಲರಿಗೂ ಕಳಿಸಲಿಕ್ಕೆ ದುಬಾರಿ. ಅಂಗಡಿಗೆ ಐವತ್ತು ವರ್ಷ ತುಂಬಿದಾಗ ಹಳೆ ಗಿರಾಕಿಗಳಿಗೆ ಕಳಿಸಲಿಕ್ಕೆ ಮಾತ್ರ ಇದಕ್ಕಿಂತ ಒಳ್ಳೆ ಉಪಾಯ ನನಗೆ ಹೊಳೆಯುವುದಿಲ್ಲ.

ಬಿಸಾಡದ ಕವರ್

ಸಾಮಾನ್ಯ ಕವರ್‌ನ ಆಯುಷ್ಯ ಅದನ್ನು ಹರಿಯುವವರೆಗೆ. ಆದರೆ ಇಟ್ಟುಕೊಳ್ಳುವ ಕವರ್‌ಗಳೂ ಇವೆ. ಮದುವೆಯ ಆಯೇರಿ ಕವರ್ ಅದರಲ್ಲಿ ಮೊದಲನೆಯದು. ಮೇಲೆ ಒಂದು ರೂಪಾಯಿ ನಾಣ್ಯ ಅಂಟಿಸಿದ್ದು. ಜವಳಿ ಅಥವಾ ಬಂಗಾರದ ಅಂಗಡಿಯವರು ಮದುವೆ ಸೀಸನ್‌ನಲ್ಲಿ ಬಿಲ್ ಜೊತೆ ಇಂಥ ಐದು ಕವರ್ ಕೊಟ್ಟರೆ, ಆ ಐದೂ ಐದು ಮದುವೆ ಮನೆಗೆ ಹೋಗುತ್ತವೆ. ಒಂದೇ ಷರತ್ತು, ನಿಮ್ಮ ಹೆಸರು ಹಿಂದಿನ ಮುಚ್ಚಳದಲ್ಲಿ ಸಣ್ಣದಾಗಿ ಇರಬೇಕು. ಮುಂದೆ ದೊಡ್ಡದಾಗಿ ಅಂಗಡಿ ಹೆಸರು ಇದ್ದರೆ ಯಾರೂ ಅದನ್ನು ಮದುವೆಗೆ ಒಯ್ಯುವುದಿಲ್ಲ. ನಾಣ್ಯದ ಕವರ್ ಅಂಚೆಗೆ ಹಾಕಲಿಕ್ಕಲ್ಲ, ಕೈಗೆ ಕೊಡಲಿಕ್ಕೆ.

ದಸರಾಕ್ಕೆ ಬನ್ನಿ ಕವರ್ ಇನ್ನೊಂದು. ದೂರದ ಊರಿನ ನೆಂಟರಿಗೆ ಪತ್ರದೊಳಗೆ ಬನ್ನಿ ಎಲೆ ಇಟ್ಟು ಕಳಿಸುವ ರೂಢಿ ನಮ್ಮ ಕಡೆ ಹಳೆಯದು. ಅಂಗೈಯಷ್ಟು ದೊಡ್ಡ ಕ್ರಾಫ್ಟ್ ಕವರ್, ಒಳಗೆ ಒಣಗಿಸಿದ ಎರಡು ಎಳೆ ಬನ್ನಿ, ಮುಚ್ಚಳದ ಒಳಗೆ 'ಬನ್ನಿ ತಗೊಂಡು ಬಂಗಾರದಂಗ ಇರೋಣ' ಅಂತ ಒಂದೇ ಸಾಲು. ಬೆಂಗಳೂರು, ಪುಣೆಯಲ್ಲಿ ಕೂತಿರುವ ಇಲ್ಲಿಯ ಗಿರಾಕಿಗೆ ಇದು ಮುಟ್ಟಿದರೆ ಆ ವರ್ಷ ಬೇರೆ ಜಾಹೀರಾತು ಬೇಕಿಲ್ಲ. ಹಸಿ ಎಲೆ ಹಾಕಬೇಡಿ, ಕಾಗದಕ್ಕೆ ಕಲೆ ಕೂರುತ್ತದೆ. ಸಂಕ್ರಾಂತಿಯ ಕುಸುರೆಳ್ಳಿಗೂ ಇದೇ ಥರ ಮಾಡಬಹುದು. ಆದರೆ ಸಕ್ಕರೆ ಇರುವುದರಿಂದ ಒಳಗೆ ಪ್ಲಾಸ್ಟಿಕ್ ಚೀಲ ಬೇಕು, ಇಲ್ಲವಾದರೆ ಇರುವೆ ಮೊದಲು ಓದುತ್ತದೆ.

ಎಲ್ಲಿ ಮಾಡಿಸುವುದು?

ಗದಗಕ್ಕೆ ಮುದ್ರಣ ಕಾಶಿ ಅಂತ ಹೆಸರಿದೆ. ಹಾಳೆ ಪ್ರಿಂಟಿಂಗ್, ಪೇಸ್ಟಿಂಗ್, ದೊಡ್ಡ ಆರ್ಡರ್ ಇದ್ದರೆ ಹುಬ್ಬಳ್ಳಿಯವರೂ ಅಲ್ಲಿ ಒಂದು ಕೊಟೇಶನ್ ತರಿಸಿಕೊಳ್ಳುವುದು ಒಳ್ಳೆಯದು. ರೈಲಿನಲ್ಲಿ ಹೋಗಿ ಪ್ರೂಫ್ ನೋಡಿ ಸಂಜೆಗೆ ವಾಪಸ್ ಬರಬಹುದು. ಹುಬ್ಬಳ್ಳಿಯಲ್ಲಿ ಕಾಗದದ ಬಗೆ ಜಾಸ್ತಿ ಸಿಗುತ್ತದೆ, ಫಾಯಿಲ್, ಸ್ಪಾಟ್ ಯುವಿ (ಬೇಕಾದ ಜಾಗಕ್ಕಷ್ಟೇ ಹೊಳಪು ಹಚ್ಚುವುದು) ಥರದ ಕೆಲಸಕ್ಕೂ ಊರೆಲ್ಲ ಅಲೆಯಬೇಕಿಲ್ಲ. ಹಾವೇರಿ, ರಾಣೆಬೆನ್ನೂರಿನವರು ಸಣ್ಣ ಆರ್ಡರ್‌ಗೆ ಹುಬ್ಬಳ್ಳಿಗೆ ಓಡಾಡುವುದು ದಂಡ. ಒಂದೇ ಬಣ್ಣದ ಸ್ಕ್ರೀನ್ ಕೆಲಸ ಊರಲ್ಲೇ ಆಗುತ್ತದೆ. ಬೇಕಿದ್ದರೆ ಕಾಗದವಷ್ಟೇ ಹುಬ್ಬಳ್ಳಿಯಿಂದ ತಂದುಕೊಡಿ. ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿದರೆ ರೇಟು ಕಡಿಮೆ ಕಾಣುತ್ತದೆ, ಆದರೆ ಕಾಗದ ಮುಟ್ಟಿ ನೋಡಲಿಕ್ಕಾಗುವುದಿಲ್ಲ, ಕನ್ನಡ ಒಡೆದರೆ ಅವರಿಗೆ ಗೊತ್ತೂ ಆಗುವುದಿಲ್ಲ.

ನಾನಾಗಿದ್ದರೆ

ಗದಗ ಸೀಮೆಯ ಸಹಕಾರಿ ಸಂಘಕ್ಕೆ ನಾನು ಕಿಟಕಿ ಕವರ್ ಹೇಳುತ್ತೇನೆ. ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಹುಟ್ಟಿದ ನೆಲ ಅದು, ಸದಸ್ಯರ ಪಟ್ಟಿ ಉದ್ದ ಇರುತ್ತದೆ. ವಿಳಾಸ ನೋಟಿಸಿನ ಮೇಲೆಯೇ ಇರುವುದರಿಂದ ಸ್ಟಿಕ್ಕರ್ ಅಂಟಿಸುವ ಕೂಲಿ ಉಳಿಯಿತು. ಒಂದೇ ಬಣ್ಣ, ಆಫ್‌ಸೆಟ್, 90 ಜಿಎಸ್‌ಎಂ ಸಾಕು. ಆದರೆ ಎಡಮೂಲೆಯಲ್ಲಿ ಸಭೆಯ ದಿನಾಂಕ ದೊಡ್ಡದಾಗಿ ಇರಲಿ. ಒಡೆಯದೆ ಇಟ್ಟರೂ ದಿನ ಗೊತ್ತಾಗಬೇಕು.

ಧಾರವಾಡದ ಸಪ್ತಾಪುರದ ಕೋಚಿಂಗ್ ಕ್ಲಾಸಿಗೆ ಡಿಜಿಟಲ್, ಪ್ರತಿ ಕವರ್ ಮೇಲೂ ವಿದ್ಯಾರ್ಥಿಯ ಹೆಸರು. ಹುಬ್ಬಳ್ಳಿ ಕೊಪ್ಪಿಕರ್ ರಸ್ತೆಯ ಬಂಗಾರದ ಅಂಗಡಿಗೆ ಕೆನೆಬಣ್ಣದ ಟೆಕ್ಸ್ಚರ್, ಮುಚ್ಚಳಕ್ಕೆ ಮಾತ್ರ ಫಾಯಿಲ್. ಬ್ಯಾಡಗಿಯ ವ್ಯಾಪಾರಿಗೆ ಕ್ರಾಫ್ಟ್, ಬಿಳಿ ಕೋಟ್ ಮೇಲೆ ಕೆಂಪು ಸ್ಕ್ರೀನ್. ರಾಣೆಬೆನ್ನೂರಿನ ಬೀಜದ ಕಂಪನಿ ಡೀಲರುಗಳಿಗೆ ಪೋಸ್ಟರ್, ಬೆಲೆಪಟ್ಟಿ ಕಳಿಸುವುದಾದರೆ ಚಂದಕ್ಕಿಂತ ಗಟ್ಟಿತನ ನೋಡಬೇಕು, ಬಟ್ಟೆ ಒಳಪದರದ ದೊಡ್ಡ ಕವರ್. ಈಗಷ್ಟೇ ಅಂಗಡಿ ತೆರೆದವರು ಕವರ್ ಪ್ರಿಂಟೇ ಮಾಡಿಸಬೇಡಿ. ಒಳ್ಳೆ ಬಾಂಡ್ ಕವರ್ ಕಟ್ಟು ತಂದು, ಒಂದು ರಬ್ಬರ್ ಸ್ಟ್ಯಾಂಪ್ ಮಾಡಿಸಿ ನೇರಳೆ ಇಂಕ್‌ನಲ್ಲಿ ಒತ್ತಿ. ಆರು ತಿಂಗಳಲ್ಲಿ ಫೋನ್ ನಂಬರೋ, ವಿಳಾಸವೋ ಬದಲಾಗುವುದು ಇದ್ದದ್ದೇ.

ಯಾವುದೇ ಆಗಲಿ, ಪೂರ್ತಿ ಆರ್ಡರ್‌ಗೆ ಅಡ್ವಾನ್ಸ್ ಕೊಡುವ ಮುಂಚೆ ಅದೇ ಕಾಗದದಲ್ಲಿ ಎರಡು ಸ್ಯಾಂಪಲ್ ಮಾಡಿಸಿಕೊಳ್ಳಿ. ಒಂದರ ಮೇಲೆ ನಿಮ್ಮ ಮಾಮೂಲಿ ಪೆನ್ನಿನಲ್ಲಿ ವಿಳಾಸ ಬರೆದು, ಒದ್ದೆ ಬೆರಳಲ್ಲಿ ಉಜ್ಜಿ ನೋಡಿ. ಇನ್ನೊಂದರಲ್ಲಿ ನಿಜವಾಗಿ ಕಳಿಸುವಷ್ಟೇ ಹಾಳೆ ತುಂಬಿ, ಅಂಟಿಸಿ, ಅಂಚೆ ಕಚೇರಿಯಲ್ಲಿ ತೂಗಿಸಿ, ನಿಮ್ಮ ಅಂಗಡಿಗೇ ಪೋಸ್ಟ್ ಮಾಡಿ. ಸೀಲು, ಚೀಲ, ಪೋಸ್ಟ್‌ಮನ್ ಸೈಕಲ್ಲು ಎಲ್ಲ ದಾಟಿ ಅದು ಹೇಗೆ ವಾಪಸ್ ಬರುತ್ತದೆ ಅಂತ ನೋಡಿ, ಆಮೇಲೆ ಅಡ್ವಾನ್ಸ್ ಕೊಡಿ.